ಸೂರ್ಯನಿಗೆ ಪರದೆ ಕಟ್ಟೋ ಮಾತು

ಮಂಡ್ಯದ ಈ ಬಿಸಿಲಲ್ಲಿ ಯಾರಾದ್ರೂ ಬಂದು ಸೂರ್ಯನಿಗೆ ಪರದೆ ಕಟ್ತೀನಿ ಅಂದ್ರೆ ಯಾರು ತಾನೇ ಬೇಡ ಅಂತಾರೆ? ಬಿಸಿಯೇರ್ತಿರೋ ಭೂಮಿಯನ್ನ ತಂಪು ಮಾಡೋಕೆ ಅಂತ ಹಾಗನ್ನೋರು ನಿಜವಾಗ್ಲೂ ಇದ್ದಾರೆ. ವಿಮಾನದಲ್ಲಿ ಸಲ್ಫರ್ ಡೈಆಕ್ಸೈಡ್ ಒಯ್ದು ಮಳೆಮೋಡಗಳಿಗಿಂತ ಮೇಲಿರೋ ಗಾಳಿಯ ಪದರ ಸ್ಟ್ರಾಟೋಸ್ಫಿಯರ್‌ನಲ್ಲಿ ಬಿಟ್ರೆ, ಅದು ಆಮ್ಲದ ಸಣ್ಣ ಹನಿಗಳಾಗಿ ಒಂದಷ್ಟು ಬಿಸಿಲನ್ನ ವಾಪಸ್ ಕಳಿಸುತ್ತೆ. ಬರೀ ಊಹೆ ಅಲ್ಲ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸುಮಾರು 1.5 ಕೋಟಿ ಟನ್ ಇದೇ ಅನಿಲ ಉಗುಳಿ ಭೂಮಿಯನ್ನ ಹತ್ತಿರ ಹತ್ತಿರ ಅರ್ಧ ಡಿಗ್ರಿ ತಣ್ಣಗೆ ಮಾಡಿತ್ತು.

ಆದ್ರೆ 1992ರಲ್ಲಿ ನೆಲದ ಮೇಲೆ ಬೀಳೋ ಮಳೆಯೂ ಕಮ್ಮಿಯಾಯ್ತು. ನನಗೆ ಎದೆ ಧಸಕ್ ಅನ್ನೋದು ಇಲ್ಲೇ. ಕೊಡಗಲ್ಲಿ ಮಳೆ ಹಿಡೀಲಿಲ್ಲ ಅಂದ್ರೆ ಕನ್ನಂಬಾಡಿ ಕಟ್ಟೆ ತುಂಬಲ್ಲ, ನಾಲೆಗೆ ನೀರು ಬಿಡಲ್ಲ, ಒಟ್ಲಲ್ಲಿರೋ ಭತ್ತದ ಪೈರು ಗದ್ದೆಗೆ ಇಳಿಯೋದೇ ಇಲ್ಲ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಎಷ್ಟು ಅಂತ ಪೇಪರಲ್ಲಿ ನೋಡಿದ ಮೇಲೇ ಕಾಫಿ ಲೋಟಕ್ಕೆ ಕೈ ಹಾಕೋ ಜನ ನಾವು. ಒಂದೇ ಗೋಳಾರ್ಧದಲ್ಲಿ ಸಿಂಪಡಿಸಿದ್ರೆ ಮಳೆಪಟ್ಟಿ ಇನ್ನೊಂದು ಕಡೆಗೆ ಸರಿಯುತ್ತೆ ಅಂತಾವೆ ಹವಾಮಾನದ ಕಂಪ್ಯೂಟರ್ ಮಾದರಿಗಳು. ಕಾವೇರಿ ಹಂಚೋಕೇ ಟ್ರಿಬ್ಯೂನಲ್ ಬೇಕಾಯ್ತು, ಇನ್ನು ಮಾನ್ಸೂನ್ ಹಂಚೋಕೆ ಯಾವ ಕೋರ್ಟ್ ಮೆಟ್ಟಿಲು ಹತ್ತೋದು?

ಓಝೋನ್‌ಗೆ ಪೆಟ್ಟು ಬೇರೆ. ಹನಿಗಳು ಒಂದೆರಡು ವರ್ಷದಲ್ಲಿ ಕೆಳಗಿಳೀತವೆ, ಭೂಮಿಯನ್ನ ಬಿಸಿ ಮಾಡೋ ಇಂಗಾಲದ ಡೈಆಕ್ಸೈಡ್ ಮಾತ್ರ ಶತಮಾನಗಟ್ಟಲೆ ಮೇಲೇ ಇರುತ್ತೆ. ನಡುವೆ ನಿಲ್ಲಿಸಿದ್ರೆ ತಡೆದಿಟ್ಟ ಕಾವೆಲ್ಲ ಕೆಲವೇ ವರ್ಷಗಳಲ್ಲಿ ಒಟ್ಟಿಗೇ ಮೈಮೇಲೆ ಬೀಳುತ್ತೆ. ಇದನ್ನ ಪರೀಕ್ಷಿಸೋಕೆ ಅಂತ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ತಯಾರಿ ಮಾಡಿದ್ದ ಸಣ್ಣ ಬಲೂನ್ ಪ್ರಯೋಗವನ್ನೂ 2024ರಲ್ಲಿ ಕೈಬಿಟ್ಟರು. ಬಿಟ್ಟಿದ್ದೇ ವಾಸಿ ಅನ್ಸುತ್ತೆ ನಂಗೆ.