ಕೊನೆಯ ಪುಸ್ತಕ ಮುಗಿಯಿತು, ಕಳ್ಳನನ್ನು ಅಜ್ಜಿಯೇ ಹಿಡಿದರು

ಕೊನೆಗೂ ಕಳ್ಳ ಸಿಕ್ಕಿಬಿದ್ದ! ಶಿರಸಿ ಕಡೆಯ ನನ್ನ ಪತ್ತೇದಾರಿ ಸರಣಿಯ ನಾಲ್ಕನೆಯ, ಕೊನೆಯ ಪುಸ್ತಕದ ಕರಡು ಮುಗಿದಿದೆ. ಕಥೆಯ ಹಂದರ ಹಾಕುವುದು, ಅನುಮಾನ ಹಂಚುವುದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಡಿ. ಮಳೆಗಾಲವಿಡೀ ನನ್ನ ನಿದ್ದೆ ಕೆಡಿಸಿದ್ದು ಒಂದೇ ಒಂದು ಸುಳಿವು. ಚಾಲಿ ಅಡಿಕೆ, ಅಂದರೆ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದದ್ದು.

ಡಿಸೆಂಬರ್ ಮೊದಲಿಗೇ ಕೊಯ್ಲು ಮುಗಿಸಿದ ಮನೆಯೊಂದರ ಹೊಸ ಚಾಲಿ ಕಳುವಾಗುತ್ತದೆ. ಫೆಬ್ರವರಿ ಮೊದಲ ವಾರ ಕಳ್ಳ ಅದನ್ನು ಅಡಿಕೆ ಮಾರುವ ಸೊಸೈಟಿ ಯಾರ್ಡಿಗೆ ತಂದು "ನಮ್ಮ ತೋಟದ್ದೇ" ಅನ್ನುತ್ತಾನೆ. ಕಳೆದ ವರ್ಷದ್ದು ಅನ್ನುವಂತಿಲ್ಲ, ಬಣ್ಣವೇ ಹೇಳಿಬಿಡುತ್ತದೆ. ಸಂಕ್ರಾಂತಿ ದಿನ ಅವನ ಮರದಲ್ಲಿ ಗೊನೆ ಹಾಗೇ ಇದ್ದದ್ದನ್ನು ಊರೇ ನೋಡಿದೆ. "ಸಂಕ್ರಾಂತಿ ಕಳೆದ ಮೇಲೆ ಕೊಯ್ಸಿದೆ" ಅನ್ನದೆ ಬೇರೆ ದಾರಿಯಿಲ್ಲ. ಆದರೆ ಹಣ್ಣಡಿಕೆ ಒಣಗಿ ಚಾಲಿಯಾಗಲು 40-45 ದಿನದ ಬಿಸಿಲು ಬೇಕು.

ತೊಡಕು ಇಲ್ಲೇ. ಮಲೆನಾಡಿನವರು ಅವನು ಬಾಯಿ ಬಿಟ್ಟ ಕೂಡಲೇ ಹಿಡಿಯುತ್ತಾರೆ. ರಾಯಚೂರಿನ ಓದುಗರಿಗೆ ಕೊನೆಯ ಪುಟದಲ್ಲೂ ಗೊತ್ತಾಗುವುದಿಲ್ಲ. ಮುಂಚೆ ಹೇಳದೆ ಕೊನೆಗೆ ಹೇಳಿದರೆ ಓದುಗರಿಗೆ ಮೋಸ, ಅಲ್ವಾ? ಸೊಸೈಟಿ ಗುಮಾಸ್ತರ ಬಾಯಲ್ಲಿ ಹೇಳಿಸಿ ನೋಡಿದೆ. ತೋಟಗಾರಿಕೆಯ ಕರಪತ್ರ ಓದಿದ ಹಾಗಾಯಿತು.

ಬಿಡಿಸಿದ್ದು ಸುಬ್ಬಜ್ಜಿ. ಮೂರನೆಯ ಅಧ್ಯಾಯದಲ್ಲಿ ಮೊಮ್ಮಗಳ ಮದುವೆಗೆ ಚಪ್ಪರ ಹಾಕಲು ಬಂದವರನ್ನು, ಅಂಗಳದಲ್ಲಿ ಅಡಿಕೆ ಒಣಹಾಕಬೇಕೆಂದು ಅಜ್ಜಿ ಓಡಿಸುತ್ತಾರೆ. "ಮದ್ವೆ ಬೇಕಾರೆ ಮುಂದಕ್ಕೆ ಹಾಕಿ, ಒಂದೂವರೆ ತಿಂಗಳು ಅಂಗಳ ಕೊಡ್ತ್ನಿಲ್ಲೆ!" ಬೀಗರು ಮುನಿಸಿಕೊಳ್ಳುತ್ತಾರೆ, ಪುರೋಹಿತರು ಪಂಚಾಂಗ ತಿರುವುತ್ತಾರೆ. ಓದುಗರು ನಗುತ್ತಿರುವಾಗಲೇ ಲೆಕ್ಕ ತಲೆಗೆ ಹೋಗಿರುತ್ತದೆ. ಕಳ್ಳನ ಮಾತು ಬರುವುದು ಒಂಬತ್ತನೆಯದರಲ್ಲಿ, ಹೋಟೆಲ್ ಭಟ್ಟರ ಸಾಲದ ಜಗಳದ ನಡುವೆ. ಕೊನೆಗೆ ಯಾರ್ಡಿನಲ್ಲಿ ಅಜ್ಜಿ ಕೇಳುವುದು ಇಷ್ಟೇ: "ನನ್ನ ಅಂಗಳದ್ದೇ ಇನ್ನೂ ಹಸಿ. ನಿಂದು ಹೇಗೆ ಒಣಗ್ತೋ?" ಪೊಲೀಸರು ಬಿಡಿಸಿದ್ದರೆ ಇಷ್ಟು ಚೆನ್ನಾಗಿರುತ್ತಿರಲಿಲ್ಲ. ಈ ಊರಿನ ಗುಟ್ಟು ಊರಿನವರ ಬಾಯಿಂದಲೇ ಬರಬೇಕು.

ಪ್ರೂಫ್ ಪ್ರತಿ ಮಾತ್ರ ತಲೆ ತಿನ್ನುತ್ತಿದೆ. ಯೂನಿಕೋಡಿನಲ್ಲಿ ಕೊಟ್ಟ ಕಡತವನ್ನು ಮುದ್ರಣದವರು ಹಳೇ ಫಾಂಟಿಗೆ ಬದಲಾಯಿಸಿದ್ದಾರೆ. ಅರ್ಕಾವತ್ತುಗಳೆಲ್ಲ ಪಕ್ಕದ ಅಕ್ಷರಕ್ಕೆ ಹೋಗಿ ಕೂತಿವೆ. ಫೋನ್ ಮಾಡಿದರೆ "ಓದೋಕೆ ಬರುತ್ತಲ್ಲ ಸಾರ್" ಅನ್ನುತ್ತಾರೆ!

ಅಂದ ಹಾಗೆ, ಮುಂದಿನದು ತಲೆಯಲ್ಲಿ ಶುರುವಾಗಿದೆ. ಶಿರಸಿ ಮಾರಿಕಾಂಬಾ ಜಾತ್ರೆ 2 ವರ್ಷಕ್ಕೊಮ್ಮೆ. ಜಾತ್ರೆ ನಡೆಯುವ ಬಿಡಕಿಬೈಲಿನ ಗದ್ದುಗೆಯಿಂದ ದೇವಿ ಎದ್ದ ಮೇಲೆ ಯುಗಾದಿಗೆ ಮರುಪ್ರತಿಷ್ಠೆ ಆಗುವವರೆಗೆ ಗುಡಿಯಲ್ಲಿ ದರ್ಶನವಿಲ್ಲ. ಜಾತ್ರೆಯಲ್ಲಿ ಕಳೆದುಹೋದದ್ದು ಯುಗಾದಿಯ ಬೆಳಿಗ್ಗೆ ಸಿಕ್ಕರೆ? ನಡುವಿನ ದಿನಗಳಲ್ಲಿ ಅದು ಎಲ್ಲಿತ್ತು? ಇದು ಹೊಸ ಸರಣಿ, ಹೊಸ ಜನ. ಸುಬ್ಬಜ್ಜಿಯನ್ನು ಎಳೆದು ತರುವುದಿಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಬಾಕಿ. ನಾಲ್ಕೂ ಪುಸ್ತಕಗಳಲ್ಲಿ ತಪ್ಪು ಮನೆಗೆ ಕಾಗದ ಕೊಟ್ಟು ಪುಣ್ಯ ಕಟ್ಟಿಕೊಂಡ ಪೋಸ್ಟ್‌ಮ್ಯಾನ್‌ಗೆ ಕೊನೆಯ ಅಧ್ಯಾಯದಲ್ಲಿ ಒಂದು ಕಾಗದ ಬರಲೇಬೇಕು. ಬರೆದವರು ಯಾರು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಭಟ್ಟರೋ, ಅಜ್ಜಿಯೋ?