ನೇತ್ರಾಣಿಗೆ ಹೊಂಟವ್ರು ಟ್ಯೂಬ್ ಹೊಳ್ಳಿಸಿ ಓದ್ರಿ

ಮೊನ್ನೆ ಕೊಪ್ಪೀಕರ ರೋಡಿನ ಅಂಗಡಿ ಒಂದ್ರಾಗ ನಾನೂ ನನ್ನ ತಂಗೀನೂ ಸನ್‌ಸ್ಕ್ರೀನ್ ತಗೊಳ್ಳಾಕ ಹೋಗಿ ಅರ್ಧಾ ತಾಸು ಅಲ್ಲೇ ನಿಂತ್ವಿ. ಶುಕ್ರವಾರ ರಾತ್ರಿ ಹೊಂಟೀವಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳದು ಅಂಕೋಲಾ ಮ್ಯಾಲೆ ಮುರ್ಡೇಶ್ವರ, ಮುಂಜಾನೆ ಬೋಟ್ ಹತ್ತಿ ಸಮುದ್ರದಾಗಿನ ನೇತ್ರಾಣಿ ನಡುಗಡ್ಡಿ. ಆಕಿಗೆ ಇದು ಮೊದಲ್ನೇ ಸಲ. ನಾ ಹೋದ ವರ್ಷ ಹೋದಾಗ ಬೋಟಿನ ಅಂಚಿಗೆ ಕುಂತು ನೀರು ನೋಡ್ತಿದ್ದೆ, ನಾಕೈದು ಮಂದಿ ಮೈತುಂಬಾ ಕ್ರೀಮ್ ಬಳಕೊಂಡು ದಬಕ್ಕನ ಜಿಗದ್ರು, ಸಾರಿನ ಮ್ಯಾಲೆ ಎಣ್ಣಿ ತೇಲಿದಂಗ ಒಂದು ಪದರ ಮಿರಮಿರ ಅನಕೋತ ಹಬ್ಬಿತು. ಅದರ ಕೆಳಗ ಹವಳ ಇದ್ವು. ಅದು ಇನ್ನೂ ಕಣ್ಣಾಗ ಕುಂತೇತಿ.

ಮುಂದ ಮೀನಿನ ಚಿತ್ರ ಹಾಕಿ ರೀಫ್ ಸೇಫ್, ಅಂದ್ರ ಹವಳಕ್ಕ ಅಪಾಯ ಇಲ್ಲ ಅಂತ ಬರದಿರ್ತಾರಲ್ಲ, ಅಷ್ಟಕ್ಕ ನಂಬಬ್ಯಾಡ್ರಿ. ಅಮೆರಿಕಾದಾಗ ಸುದ್ದಾ ಆ ಮಾತಿಗೆ ಸರ್ಕಾರದ್ದು ಅಂತ ಒಂದು ವ್ಯಾಖ್ಯೆ ಇಲ್ಲ. ಹಿಂದ ಸಣ್ಣಕ್ಷರದಾಗ ಇರೋದನ್ನ ಓದ್ರಿ. ಬೇಡಾಗಿರೋ ರಾಸಾಯನಿಕ ಮುಖ್ಯವಾಗಿ ಎರಡು, ಆಕ್ಸಿಬೆಂಝೋನ್ ಮತ್ತ ಆಕ್ಟಿನಾಕ್ಸೇಟ್, ಆದ್ರ ಟ್ಯೂಬಿನ ಮ್ಯಾಲೆ ಇವಕ್ಕ ಬ್ಯಾರೆ ಹೆಸರು ಇರ್ತಾವು, ಬೆಂಝೋಫಿನೋನ್-3 ಅಂತ, ಎಥಿಲ್‌ಹೆಕ್ಸಿಲ್ ಮೆಥಾಕ್ಸಿಸಿನ್ನಮೇಟ್ ಅಂತ. ನನ್ನ ತಂಗಿ ಮೊಬೈಲ್ ಟಾರ್ಚ್ ಹಚ್ಚಿ ಓದಿದ್ಲು, ಆಕಿ ದಿನಾ ಹಚ್ಕೊಳ್ಳೋ ಟ್ಯೂಬಿನಾಗ ಎರಡನೇದು ಇತ್ತು. ಪೆಸಿಫಿಕ್ ಸಾಗರದಾಗಿನ ಪಲಾವ್ ಅನ್ನೋ ಸಣ್ಣ ದೇಶ 2020ರಿಂದ ಇವನ್ನ ಬಂದ್ ಮಾಡೇತಿ, ಹವಾಯಿಯಾಗ 2021ರ ಜನವರಿ 1ರಿಂದ ಮಾರಂಗಿಲ್ಲ, ಥೈಲ್ಯಾಂಡಿನವ್ರು ಅದೇ ವರ್ಷ ತಮ್ಮ ಸಮುದ್ರದ ರಾಷ್ಟ್ರೀಯ ಉದ್ಯಾನದಾಗ ನಿಷೇಧ ಹಾಕಿದ್ರು.

ಯಾಕಂದ್ರ, ಹವಳ ಅಂದ್ರ ಕಲ್ಲಲ್ಲ, ಜೀವ. ಅದರ ಮೈಯಾಗ ಸಣ್ಣ ಪಾಚಿ ಬಾಳ್ವೆ ಮಾಡ್ತಾವು, ಬಣ್ಣ ಅವುಗಳದ್ದ, ಊಟದ ದೊಡ್ಡ ಪಾಲೂ ಅವುಗಳದ್ದ. 2022ರಾಗ ಸ್ಟ್ಯಾನ್‌ಫೋರ್ಡಿನ ವಿಜ್ಞಾನಿಗಳು ಹವಳದ ಬಳಗದ್ದೇ ಆದ ಸೀ ಅನಿಮೋನ್ ಇಟ್ಕೊಂಡು ನೋಡಿದ್ರು, ಅದರ ಮೈ ಆಕ್ಸಿಬೆಂಝೋನ್‌ಗೆ ಸಕ್ಕರಿ ಅಂಟಸ್ತದ, ಹಂಗ ಅಂಟಿದ್ದು ಬಿಸಲು ಬಿದ್ದರ ವಿಷಾ ಆಗ್ತದ. ನಮ್ಮ ಚರ್ಮಾ ಕಾಯೋ ಅದೇ ವಸ್ತು! ಒಳಗಿನ ಪಾಚಿ ಆ ವಿಷ ಸ್ವಲ್ಪ ಹಿಡಕೊಂಡು ಕಾಪಾಡ್ತಾವಂತ, ಆದ್ರ ನೀರು ಬಿಸಿಯಾಗಿ ಮೊದ್ಲ ಬಿಳಚಿಕೊಂಡು ಪಾಚಿ ಕಳಕೊಂಡಿದ್ರ ಜಲ್ದಿ ಸಾಯ್ತಾವು. ಹವಳದ ದೊಡ್ಡ ವೈರಿ ಬಿಸಿಯಾಗ್ತಿರೋ ಸಮುದ್ರನ, ಕ್ರೀಮ್ ಅಲ್ಲ, 2024ರಾಗ ಲಕ್ಷದ್ವೀಪದ ಹವಳ ಬಿಳಚಿದ್ದೂ ಆ ಬಿಸಿಗೇನ. ಆದ್ರ ಜ್ವರಾ ಬಂದು ಮಲಗಿದವ್ರ ಬಾಯಾಗ ವಿಷಾ ಯಾಕ ಹಾಕಬೇಕ್ರಿ?

ಹಂಗಂತ ಏನೂ ಹಚ್ಕೊಳ್ದ ಹೋಗಬ್ಯಾಡ್ರಿ, ಬೋಟಿನಾಗ ನೆತ್ತಿ ಮ್ಯಾಲಿನ ಬಿಸಲೂ ನೀರಿನ ಝಳನೂ ಎರಡೂ ಸುಡ್ತಾವು. ಝಿಂಕ್ ಆಕ್ಸೈಡ್ ಇರೋದು ನೋಡ್ರಿ, ನಾನ್ ನ್ಯಾನೋ, ಅಂದ್ರ ಕಣ ಅತೀ ಸಣ್ಣ ಅಲ್ಲ ಅಂತ ಬರದಿದ್ರ ಚಲೋ. ಎಸ್‌ಪಿಎಫ್ 30 ಅಂದ್ರ ಚರ್ಮಾ ಸುಡೋ ಯುವಿಬಿ ಕಿರಣ ಸುಮಾರು 97 ಪರ್ಸೆಂಟ್ ತಡೀತದ, 50 ಅಂದ್ರ 98, ಅಷ್ಟ ಫರಕು, 100ರ ಹಿಂದ ಓಡಬ್ಯಾಡ್ರಿ. ಟ್ಯೂಬಿನ ಮ್ಯಾಲೆ ಪಿಎ ಅಂತ ಇರ್ತದಲ್ಲ, ಅದರ ಮುಂದ ಪ್ಲಸ್ ಎಷ್ಟದಾವು ನೋಡ್ರಿ, ಅದು ಚರ್ಮದ ಆಳಕ್ಕ ಇಳಿಯೋ ಯುವಿಎ ಕಿರಣದ ಲೆಕ್ಕ. ಒಂದ ತೊಂದ್ರಿ, ನಮ್ಮ ಬಣ್ಣದ ಮ್ಯಾಲೆ ಝಿಂಕ್ ಬೆಳ್ಳಗ ಕುಂದರ್ತದ. ತಂಗಿ ಕೈಗೆ ಹಚ್ಕೊಂಡು "ಅಕ್ಕಾ, ಇದೇನ ವಿಭೂತಿ ಬಳದಂಗ ಆತಲ್ಲ" ಅಂದ್ಲು. ಆಗ್ಲಿ ಬಿಡು ಅಂದೆ, ಆದ್ರೂ ತೆಳು ಬಣ್ಣ ಕಲಸಿದ್ದು ಒಂದು ಸಿಕ್ತು, ಅದನ್ನ ತಗೊಂಡ್ವಿ.

ಎಲ್ಲಾದ್ಕಿಂತ ಚಲೋ ಉಪಾಯ ಬಟ್ಟಿ. ತುಂಬು ತೋಳಿನ ಈಜೋ ಟೀ ಶರ್ಟು, ಲೆಗ್ಗಿಂಗ್ಸ್, ಬೋಟಿನಾಗ ಟೊಪಿಗಿ. ಡೈವಿಂಗಿಗೆ ಹ್ಯಾಂಗೂ ಮೈಗೆ ಅಂಟೋ ರಬ್ಬರಿನ ವೆಟ್‌ಸೂಟ್ ಹಾಕಸ್ತಾರ, ಹಂಗಾಗಿ ಮಾರಿ, ಕುತ್ತಿಗಿ, ಮುಂಗೈ, ಪಾದ ಇಷ್ಟಕ್ಕ ಕ್ರೀಮ್ ಸಾಕು. ಮಾರಿಗೂ ಕುತ್ತಿಗಿಗೂ ಕೂಡಿ ಎರಡು ಬೆರಳಿನುದ್ದ. ನೀರಿಗೆ ಇಳಿಯೋಕಿಂತ 15-20 ನಿಮಿಷ ಮೊದ್ಲ ಹಚ್ಚಿ ಕುಂದರ್ರಿ.

ಹಳೇ ಟ್ಯೂಬ್ ಏನ್ ಮಾಡ್ಲಿ ಅಂದ್ಲು ತಂಗಿ. ಇಲ್ಲೇ ಹುಬ್ಬಳ್ಳ್ಯಾಗ ಗಾಡಿ ಮ್ಯಾಲೆ ಆಫೀಸಿಗೆ ಹೋಗುವಾಗ ಹಚ್ಕೊಂಡು ಖಾಲಿ ಮಾಡು, ಶುಕ್ರವಾರದ ಬ್ಯಾಗಿನಾಗ ಮಾತ್ರ ಇಡಬ್ಯಾಡ ಅಂದೀನಿ.