ಯಾವ ಕೊಯ್ಲು, ಸಾರ್?

ಈ ವಾರ ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಟೊಮೆಟೊ ಬೆಳೆಗಾರರ ಸಮೀಕ್ಷೆಗೆ ಹೋಗಿದ್ದಾಗ ಒಂದೇ ಪ್ರಶ್ನೆಯನ್ನು ಮೂರು ಬಾರಿ ಓದಬೇಕಾಯಿತು: "ಕೊನೆಯ ಸಿಂಪಡಣೆಯಾದ ಎಷ್ಟು ದಿನಗಳ ಬಳಿಕ ಕೊಯ್ಲು ಮಾಡುತ್ತೀರಿ?" ಮೊದಲ ಸಲ ಯಜಮಾನರು ಹೆಂಡತಿಯ ಮುಖ ನೋಡಿದರು. ಎರಡನೆಯ ಸಲ, ಕೇಳಿಸಲಿಲ್ಲವೇನೋ ಎಂದು ನಾನೇ ದನಿ ಏರಿಸಿದೆ. ಮೂರನೆಯ ಸಲ ಆಕೆ, ಹಣ್ಣು ಆರಿಸಿ ಕ್ರೇಟಿಗೆ ಹಾಕುತ್ತಿದ್ದ ಕೈಯನ್ನು ನಿಲ್ಲಿಸದೆಯೇ, "ಯಾವ ಕೊಯ್ಲು, ಸಾರ್?" ಎಂದರು.

ಅಲ್ಲಿಯವರೆಗೆ ಎಲ್ಲವೂ ಸಲೀಸಾಗಿಯೇ ಸಾಗಿತ್ತು. ಕೊಟ್ಟಿಗೆ ಗೊಬ್ಬರ ಎಷ್ಟು ಲೋಡು, 45 ಕಿಲೋದ ಯೂರಿಯಾ ಚೀಲ ಎಷ್ಟು, ಡ್ರಿಪ್ಪಿನಲ್ಲಿ ಬಿಟ್ಟ 19:19:19 ಗೊಬ್ಬರ ಎಷ್ಟು ಕಿಲೋ ಎಂಬುದನ್ನೆಲ್ಲ ಯಜಮಾನರು ತಡವರಿಸದೆ ಹೇಳಿದರು. ಔಷಧಿಯ ಪುಟ ತೆರೆದಾಗ ಮಾತ್ರ ಉತ್ತರಗಳು ಗಿಡ್ಡವಾದವು. ತರಕಾರಿಗೆ ಬಳಸಬಾರದೆಂದು 2005ರಲ್ಲೇ ನಿಷೇಧವಾದ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕದ ಹೆಸರನ್ನು ನಾನು ಪೂರ್ತಿ ಓದುವ ಮೊದಲೇ "ಇಲ್ಲ" ಎಂಬ ಉತ್ತರ ಬಂತು. ಅದು ನಿಜವೇ ಇರಬಹುದು. ಆದರೆ ಕೈಯಲ್ಲಿ ಕಾಗದ ಹಿಡಿದು ಬಂದವನಿಗೆ ಏನು ಹೇಳಬೇಕೆಂಬುದನ್ನು ರೈತರು ನಮಗಿಂತ ಚೆನ್ನಾಗಿ ಬಲ್ಲರು.

ಆಕೆಯ ಮಾತು ಅಂಥದ್ದಲ್ಲ. ರಾಗಿಯಂತೆ ಟೊಮೆಟೊವನ್ನು ಒಂದೇ ದಿನ ಕೊಯ್ದು ಮುಗಿಸುವುದಿಲ್ಲ; ಕಾಯಿ ಬಣ್ಣ ತಿರುಗಲು ತೊಡಗಿದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕೀಳುತ್ತಲೇ ಇರಬೇಕು, ಅದೇ ವೇಳೆಗೆ ಊಜಿ, ಕಾಯಿಕೊರಕದಂಥ ಕೀಟಗಳಾಗಲಿ ಅಂಗಮಾರಿ ರೋಗವಾಗಲಿ ಬಿಡುವು ಕೊಡುವುದಿಲ್ಲ. "ಮೊನ್ನೆ ಹೊಡೆದ್ವಿ, ಇವತ್ತು ಕಿತ್ವಿ, ನಾಳೆ ಮತ್ತೆ ಹೊಡೀಬೇಕು. ಇದರಲ್ಲಿ ಕೊನೇದು ಯಾವುದು ಅಂತ ನೀವೇ ಬರ್ಕೊಳ್ಳಿ" ಎಂದರು. ಔಷಧಿ ಬಾಟಲಿಯ ಜತೆಗಿನ ಚೀಟಿಯಲ್ಲಿ, ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂದು ಮುದ್ರಿಸಿರುತ್ತಾರೆ, ನಿಜ. ಆದರೆ ಹಣ್ಣು ಅಷ್ಟು ದಿನ ಗಿಡದಲ್ಲಿ ನಿಂತರೆ ಮಾರುಕಟ್ಟೆ ಸೇರುವ ಹೊತ್ತಿಗೆ ಮೆತ್ತಗಾಗಿರುತ್ತದೆ. ಆ ನಷ್ಟ ಚೀಟಿ ಮುದ್ರಿಸಿದವರದ್ದಲ್ಲ.

ಇಂಥ ರೈತರು ಮನೆಗೆಂದು ಔಷಧಿ ಸೋಕದ ಗಿಡಗಳನ್ನು ಬೇರೆ ಬೆಳೆದುಕೊಳ್ಳುತ್ತಾರೆ ಎಂಬ ಮಾತನ್ನು ಪೇಟೆಯಲ್ಲಿ ಬಹಳ ಕೇಳಿದ್ದೆ, ಒಂದಿಷ್ಟು ನಂಬಿಯೂ ಇದ್ದೆ. ಅಂದು ಮಧ್ಯಾಹ್ನ ಅವರ ಮನೆಯ ಸಾರಿಗೆ ಬಿದ್ದದ್ದು ಅದೇ ಕ್ರೇಟಿನ ಹಣ್ಣು. ನಾನೂ ಉಂಡೆ. ಡ್ರಮ್ಮಿನಲ್ಲಿ ಔಷಧಿ ಕಲಸುವವರೂ, ಗಂಡ ಸಿಂಪಡಿಸುವಾಗ ಸಾಲುಗಳ ನಡುವೆ ಪೈಪು ಎಳೆಯುವವರೂ ಆಕೆಯೇ ಎಂಬುದು ಊಟದ ಹೊತ್ತಿನಲ್ಲಿ ತಿಳಿಯಿತು. ನಮ್ಮ ನಮೂನೆ ಮಾತ್ರ ಕುಟುಂಬದ ಮುಖ್ಯಸ್ಥರ ಉತ್ತರವನ್ನೇ ಬಯಸುತ್ತದೆ. ಅಳತೆ ಕೇಳಿದಾಗ ಯಜಮಾನರು "ಅಂಗಡಿಯವರು ಹೇಳಿದಷ್ಟು" ಎಂದಿದ್ದರು. ಆಕೆ "ಡ್ರಮ್ಮಿಗೆ ಇಷ್ಟು ಮುಚ್ಚಳ" ಎಂದು ಬೆರಳು ಮಡಿಸಿ ತೋರಿಸಿದರು.

ಮುಂದಿನ ಮನೆಯಲ್ಲಿ ನಾನು ಮುದ್ರಿತ ಪ್ರಶ್ನೆಯನ್ನು ಬಿಟ್ಟು, "ಇವತ್ತು ಕಿತ್ತ ಹಣ್ಣಿಗೆ ಯಾವತ್ತು ಔಷಧಿ ಹೊಡೆದಿದ್ದಿರಿ?" ಎಂದೆ. "ಮೊನ್ನೆ" ಎಂಬ ಉತ್ತರ ಕೂಡಲೇ ಬಂತು. ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ನಮ್ಮ ಮೇಲ್ವಿಚಾರಕರು ಸಜ್ಜನರು, ಆದರೆ ಖಾಲಿ ಕಾಲಂ ಕಂಡರೆ ಸಹಿಸರು. ಮೊದಲ ಮನೆಯ ಆ ಕಾಲಮ್ಮಿನಲ್ಲಿ ಏನಾದರೊಂದು ಅಂಕಿ ಇರಲೇಬೇಕೆಂದರು. ನಾನು 2 ಎಂದು ಬರೆದು ಕೊಟ್ಟೆ.